ಓಡುವವರಿಗೂ ಕಾಣುವ ಅಕ್ಷರ

ಪ್ಯಾರಿಸ್‌ನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣದ ಫಲಕಗಳಿಗೆ ಅಕ್ಷರ ಬೇಕಾದಾಗ, ಸ್ವಿಟ್ಜರ್ಲೆಂಡಿನ ಅಕ್ಷರ ವಿನ್ಯಾಸಕ ಏಡ್ರಿಯನ್ ಫ್ರುಟಿಗರ್ ತಮ್ಮದೇ ಹೆಸರಾಂತ ಅಕ್ಷರ ಯೂನಿವರ್ಸನ್ನು ಹಾಗೇ ಎತ್ತಿಕೊಡಲಿಲ್ಲ. ಲಗೇಜು ಎಳೆದುಕೊಂಡು ಅವಸರದಲ್ಲಿ ಹೋಗುವವರು ದೂರದಿಂದ, ಓರೆಯಿಂದ ಓದಬೇಕಿತ್ತು. ಅದಕ್ಕೆಂದೇ ಹೊಸ ಅಕ್ಷರ ರೂಪಿಸಿದರು. 1976ರಲ್ಲಿ ಮುದ್ರಣಕ್ಕೂ ಬಂದ ಆ ಅಕ್ಷರಕ್ಕೆ ಅವರದೇ ಹೆಸರು: ಫ್ರುಟಿಗರ್.

ಇದರ ‘ಸಿ’, ‘ಇ’, ‘ಎಸ್’ಗಳ ಬಾಯಿ ನೋಡಬೇಕು. ಹೆಲ್ವೆಟಿಕಾ ಎಂಬ ಇನ್ನೊಂದು ಅಕ್ಷರದಲ್ಲಿ ತುದಿಗಳು ಒಳಕ್ಕೆ ಬಾಗಿ ಮುಚ್ಚಿಕೊಳ್ಳುತ್ತವೆ. ಇಲ್ಲಿ ಅಗಲವಾಗಿ ತೆರೆದೇ ಇರುತ್ತವೆ. ಹಾಗಾಗಿ ಮಂದ ಬೆಳಕಲ್ಲೂ ‘ಸಿ’ ಸುಲಭಕ್ಕೆ ‘ಓ’ ಆಗಿ ಕಾಣುವುದಿಲ್ಲ. ಅಲಂಕಾರವಿಲ್ಲದ ಗೆರೆ, ಆದರೂ ಅದರಲ್ಲಿ ಕೈಯ ಬಿಸುಪಿದೆ. ನನಗೆ ಅದೇ ದೊಡ್ಡದು.

ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಇದನ್ನೇ ಆರಿಸಿಕೊಂಡಿದೆ. ನೋವಿನಲ್ಲಿ ವಾರ್ಡು ಹುಡುಕುವವರಿಗೆ ಇಂಥ ಅಕ್ಷರವೇ ಬೇಕು. ಸ್ವಿಟ್ಜರ್ಲೆಂಡಿನ ರಸ್ತೆ ಫಲಕಗಳಲ್ಲಿಯೂ ಇದರ ರೂಪಾಂತರವೇ ಇದೆ.