ಕಡಲು ಕಂಡಿತು, ಹಾಸ್ಟೆಲ್ ಕಾಣಲಿಲ್ಲ

ಹುಕ್ಕೇರಿಯ ಗೆಳೆಯರು ಓದಲು ಕೊಟ್ಟ ಹೊಸಬರ ಮೂರು ಕತೆಗಳು 1980ರಲ್ಲಿ ಆರಂಭವಾದ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ನಡೆಯುತ್ತವೆ. ಮೂರರಲ್ಲೂ ಸೋಮೇಶ್ವರದ ಕಡಲು, ಸಂಜೆ, ಪ್ರೇಮ ಇವೆ, ವಿದ್ಯಾರ್ಥಿಯ ಬದುಕಿಲ್ಲ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ಹೊಳೆ ಬರಿಯ ಚೆಲುವಲ್ಲ; ನಾದಿರಾಳ ಬದುಕಿನೊಂದಿಗೆ ಬೆಸೆದದ್ದು. ನಮ್ಮ ಹೊಸಬರ ಕಡಲು ಮಾತ್ರ ನಾಟಕದ ಪರದೆ.

ಅವರು ಬರೆಯಬೇಕಿದ್ದ ಹುಡುಗಿ ಬೇರೆ. ಆಕೆ ಗೋಕಾಕದಿಂದ ರಾತ್ರಿ ಬಸ್ಸು ಹತ್ತಿ ಹೋದವಳು. 'ಹೊಂಟೇನ್ರಿ' ಎಂದರೆ ತುಳು, ಬ್ಯಾರಿ ಆಡುವ ಗೆಳತಿಯರು ನಗುತ್ತಾರೆ. ಮೆಸ್ ಬಿಲ್ಲು ಬಾಕಿಯಿದೆ. ಮೂಡಲಗಿಯಿಂದ ಸಂಬಂಧ ಬಂದಿದೆ, ಓದು ಸಾಕೆಂದು ಅಬ್ಬಾ ಫೋನಿನಲ್ಲಿ ಹೇಳಿದ್ದಾರೆ. ಆಕೆ ಏನು ಉತ್ತರಿಸಿದಳು? ಹೊಸಬರು ಅದನ್ನು ಬರೆಯಲಿ.