ಹೊಸಿಲಾಚೆಯ ಕೋಡಂಗಿ

ಮುದಗಲ್ಲಿನ ಮೊಹರಂ ನೋಡಲು ಬಂದವರು ಸಾಮಾನ್ಯವಾಗಿ ಹುಸೇನಿ ಆಲಂ ದರ್ಗಾದ ಮುಂದಿನ ಜನಸಂದಣಿಯನ್ನೂ ಹೆಜ್ಜೆ ಕುಣಿತವನ್ನೂ ಹೊಗಳುತ್ತ ಹಿಂದಿರುಗುತ್ತಾರೆ. ನನ್ನ ಕಣ್ಣು ಹೋಗುವುದು ಅಳ್ಳೊಳ್ಳಿ ಬವ್ವನ ಕಡೆಗೆ. ಮುಖಕ್ಕೆ ಮಸಿ, ತಲೆಗೆ ಉದ್ದನೆಯ ಟೊಪ್ಪಿಗೆ, ಮೈಮೇಲೆ ಗೆಜ್ಜೆಯ ಸದ್ದು. ಊರಿಂದೂರಿಗೆ ಈ ಹೆಸರಿನ ಉಚ್ಚಾರ ಬೇರೆಯಾದರೂ ವೇಷದ ಕೆಲಸ ಒಂದೇ, ನಗಿಸುವುದು. ಆದರೆ ವೇಷ ತೊಟ್ಟವನು ವೃತ್ತಿಯ ನಟನಲ್ಲ. ಇಂಥ ವೇಷಗಳನ್ನು ಹಾಕುವವರಲ್ಲಿ ಅನೇಕರು ಮನೆಯವರ ಬೇನೆ ವಾಸಿಯಾಗಲೆಂದು ಹರಕೆ ಹೊತ್ತವರು. ಹಬ್ಬವಾದರೋ ಕ್ರಿ. ಶ. 680ರ ಕರ್ಬಲಾದ ಸಾವನ್ನು ನೆನೆಯುವಂಥದು. ಶೋಕದ ನಡುವೆ ನಗೆಗೂ ಒಂದು ಮೂಲೆ ಬಿಟ್ಟುಕೊಟ್ಟ ನಮ್ಮ ಜನರ ತಿಳಿವಳಿಕೆ ದೊಡ್ಡದು.

ಕಾಯಿಲೆಗೂ ಕೋಡಂಗಿಗೂ ಇರುವ ಈ ನಂಟನ್ನು ನೆನೆಯಲು ಕಾರಣವಾದುದು ಈಚೆಗೆ ಎರಡನೆಯ ಸಲ ನೋಡಿದ 'ಪ್ಯಾಚ್ ಆಡಮ್ಸ್' ಚಿತ್ರ. 1998ರಲ್ಲಿ ತೆರೆಕಂಡ ಈ ಅಮೆರಿಕನ್ ಚಿತ್ರದಲ್ಲಿ ರಾಬಿನ್ ವಿಲಿಯಮ್ಸ್ ನಾಯಕ. ಆಡಮ್ಸ್ ಎಂಬ ವೈದ್ಯರು ನಿಜವಾಗಿಯೂ ಇದ್ದಾರೆ. 1971ರಲ್ಲಿ ಗೆಸುಂಡ್‌ಹೈಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಕೋಡಂಗಿಯ ಉಡುಪಿನಲ್ಲಿ ಆಸ್ಪತ್ರೆಗಳನ್ನು ಸುತ್ತಿದವರು. ಈ ಚಿತ್ರವನ್ನು ಅವರೇ ಬಹಿರಂಗವಾಗಿ ಟೀಕಿಸಿದ್ದಾರೆ.

ನನ್ನ ತಕರಾರು ಬೇರೆ. ಚಿತ್ರದ ನಾಯಕ ಮಕ್ಕಳ ವಾರ್ಡಿಗೆ ನುಗ್ಗುತ್ತಾನೆ, ಎನಿಮಾದ ರಬ್ಬರ್ ಬುರುಡೆಯನ್ನು ಮೂಗಿಗೆ ಸಿಕ್ಕಿಸಿಕೊಳ್ಳುತ್ತಾನೆ, ಮಕ್ಕಳು ನಗುತ್ತಾರೆ. ಕೊನೆಯ ವಿಚಾರಣೆಯಲ್ಲಿ ಅದೇ ಮಕ್ಕಳು ಕೆಂಪು ಮೂಗು ತೊಟ್ಟು ಬಂದು ಅವನ ಪಕ್ಷ ವಹಿಸುತ್ತಾರೆ. ಅಂದರೆ ರೋಗಿಗಳಿರುವುದು ನಾಯಕನನ್ನು ಗೆಲ್ಲಿಸಲಿಕ್ಕೆ! ಗೆಲ್ಲುವ ಕೋಡಂಗಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಜಾರಿ ಬೀಳುವುದು, ಪೆಟ್ಟು ತಿನ್ನುವುದು, ತಾನು ದಡ್ಡನಾಗಿ ನೋಡುವವನನ್ನು ಜಾಣನಾಗಿಸುವುದು, ಇದು ಅವನ ಕಸುಬು.

ರೋಗಿಯ ಮಂಚದ ಮೇಲಿಂದ ನೋಡಿದರೆ ಈ ತಕರಾರಿನ ಅರ್ಥ ತಿಳಿಯುತ್ತದೆ. ನನಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಹಿತೈಷಿಯೊಬ್ಬರು ಬಂದು ಒಂದು ತಾಸು ಚಟಾಕಿ ಹಾರಿಸಿದರು. ಅವರ ಮನಸ್ಸು ನೋಯಬಾರದೆಂದು ಹೊಲಿಗೆಯ ಮೇಲೆ ಕೈಯೊತ್ತಿ ಹಿಡಿದು ನಕ್ಕೆ. ಅಂದು ಉಪಚಾರ ನಡೆದದ್ದು ನನಗಲ್ಲ, ಅವರಿಗೆ. ಆಸ್ಪತ್ರೆಯಲ್ಲಿ ಮಲಗಿದವನಿಗೆ ಇಲ್ಲದಿರುವುದು ನಗೆಯೊಂದೇ ಅಲ್ಲ. ಬೇಡವೆನ್ನುವ ಹಕ್ಕೂ ಇಲ್ಲ. ಸೂಜಿ ಬೇಡವೆನ್ನುವಂತಿಲ್ಲ, ಗಂಜಿ ಬೇಡವೆನ್ನುವಂತಿಲ್ಲ.

ಈ ಗುಟ್ಟನ್ನು ಬಲ್ಲವರು ಸರ್ಕಸ್ಸಿನವರು. 1986ರಲ್ಲಿ ನ್ಯೂಯಾರ್ಕಿನ ಬಿಗ್ ಆಪಲ್ ಸರ್ಕಸ್ಸಿನ ಮೈಕೆಲ್ ಕ್ರಿಸ್ಟೆನ್‌ಸನ್ ಅಲ್ಲಿನ ಮಕ್ಕಳ ಆಸ್ಪತ್ರೆಯಲ್ಲಿ ಕೋಡಂಗಿ ವೈದ್ಯರ ತಂಡವನ್ನು ಆರಂಭಿಸಿದರು. ವೈದ್ಯರ ಬಿಳಿ ಕೋಟನ್ನೇ ತೊಟ್ಟು ವೈದ್ಯರನ್ನೇ ಅಣಕಿಸುವ ಈ ಪದ್ಧತಿ ಮುಂದೆ ಹಲವು ದೇಶಗಳಿಗೆ ಹಬ್ಬಿತು. ಪಳಗಿದ ಕೋಡಂಗಿ ಬಾಗಿಲಲ್ಲಿ ನಿಂತು ಮೊದಲು ಅಪ್ಪಣೆ ಕೇಳುತ್ತಾನೆ. ಮಗು ಬೇಡವೆಂದರೆ ಹಿಂದಿರುಗುತ್ತಾನೆ. ಹೋಗುವಾಗ ಬಾಗಿಲಿಗೆ ಹಣೆ ಬಡಿದುಕೊಂಡರೆ ಅದೇ ಆಟ. ಇಡೀ ಆಸ್ಪತ್ರೆಯಲ್ಲಿ ಆ ಮಗು ಹೊರಗೆ ಕಳುಹಿಸಬಹುದಾದ ದೊಡ್ಡ ಮನುಷ್ಯ ಅವನೊಬ್ಬನೇ.

ನಗೆಯೇ ಮದ್ದು ಎಂದು ಸಾರುವವರ ಮಾತನ್ನು ಮಾತ್ರ ತೂಗಿ ನೋಡಬೇಕು. ಇಟಲಿಯಲ್ಲಿ 5ರಿಂದ 12 ವರ್ಷದ 40 ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಅರಿವಳಿಕೆ ಕೊಡುವ ವೇಳೆ ಕೋಡಂಗಿಗಳು ಜತೆಗಿದ್ದ ಮಕ್ಕಳಲ್ಲಿ ಅಂಜಿಕೆ ಸ್ಪಷ್ಟವಾಗಿ ಕಡಿಮೆಯಿತ್ತು. ಆದರೆ ಮಕ್ಕಳಿಗೆ ಒಳಿತಾಯಿತೆಂದು ಒಪ್ಪಿದ ಸಿಬ್ಬಂದಿಯಲ್ಲೇ ಹೆಚ್ಚಿನವರು, ಶಸ್ತ್ರಚಿಕಿತ್ಸೆಯ ಕೋಣೆಯ ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಅದನ್ನು ಮುಂದುವರಿಸಲು ಒಪ್ಪಲಿಲ್ಲ. ಎರಡೂ ಮಾತು ದಿಟವಿರಬೇಕು. ಕೋಡಂಗಿ ಕಳೆದದ್ದು ಭಯವನ್ನು, ರೋಗವನ್ನಲ್ಲ. ಅಷ್ಟೂ ಸಣ್ಣ ಕೆಲಸವಲ್ಲ. ಆದರೆ ಅವನು ಕಾಲಿಟ್ಟಿರುವುದು ಇನ್ನೊಬ್ಬರು ದುಡಿಯುವ ಜಾಗದಲ್ಲಿ.

ನಮ್ಮ ಅಳ್ಳೊಳ್ಳಿ ಬವ್ವನನ್ನೂ ಇದೇ ಒರೆಗಲ್ಲಿಗೆ ಹಚ್ಚೋಣ. ಹರಕೆ ಹೊತ್ತವರೆಲ್ಲ ಕಲಾವಿದರಲ್ಲ. ಅಳುವ ಕೂಸನ್ನು ಅಟ್ಟಿಸಿಕೊಂಡು ಹೋಗಿ ದೊಡ್ಡವರ ಚಪ್ಪಾಳೆ ಗಿಟ್ಟಿಸುವವರನ್ನೂ ಮುದಗಲ್ಲಿನ ಓಣಿಗಳಲ್ಲಿ ಕಂಡಿದ್ದೇನೆ. ಅವರು ಆ ಚಿತ್ರದ ನಾಯಕನ ಖಾಸಾ ತಮ್ಮಂದಿರು. ಆದರೆ ಒಮ್ಮೆ ಕೋಟೆಯ ಬಳಿಯ ಮನೆಯೊಂದರ ಮುಂದೆ ಬೇರೊಂದನ್ನು ಕಂಡೆ. ಗೆಜ್ಜೆಯ ಸದ್ದಿಗೇ ಕೂಸು ಚೀರಿ ಅಜ್ಜಿಯ ಸೆರಗಿನೊಳಗೆ ಹೊಕ್ಕಿತು.

"ಬ್ಯಾಡೋ ಯಪ್ಪಾ, ಕೂಸು ಅಂಜ್ತೈತಿ" ಎಂದಳು ಅಜ್ಜಿ.

"ಆತು ಬಿಡಬೇ ಯಮ್ಮಾ, ಇಲ್ಲೇ ಕುಂಡ್ರತೀನಿ" ಎಂದು ಅವನು ಹೊಸಿಲಿನಿಂದ ಹತ್ತು ಹೆಜ್ಜೆ ದೂರ ಮಣ್ಣಿನಲ್ಲಿ ಕುಳಿತ. ಟೊಪ್ಪಿಗೆ ತೆಗೆದು ಮೊಣಕಾಲಿಗೆ ತೊಡಿಸಿದ. ಅದು ಬಿತ್ತು. ಮತ್ತೆ ತೊಡಿಸಿದ, ಮತ್ತೆ ಬಿತ್ತು. ಮೊಣಕಾಲಿಗೆ ಬುದ್ಧಿ ಹೇಳಿದ. ಕೂಸು ಕೊನೆಗೂ ನಗಲಿಲ್ಲ. ಅವನು ಅಜ್ಜಿ ಕೊಟ್ಟ ಕಾಸನ್ನು ಹಣೆಗೊತ್ತಿಕೊಂಡು ಎದ್ದುಹೋದ. ಆಗ ಕೂಸು ಸೆರಗು ಸರಿಸಿ, ಅವನು ಹೋದ ಓಣಿಯ ತಿರುವನ್ನು ಬಹಳ ಹೊತ್ತು ನೋಡುತ್ತಿತ್ತು.

ನಮ್ಮ ಜಿಲ್ಲೆಯ ಆಸ್ಪತ್ರೆಗಳಿಗೂ ಕೋಡಂಗಿಗಳು ಬರಲಿ, ಬೇಡವೆನ್ನಲಾರೆ. ಬರುವವರು ಕೆಂಪು ಮೂಗನ್ನು ಕೊಳ್ಳುವ ಮುನ್ನ ಆ ಹತ್ತು ಹೆಜ್ಜೆಯ ದೂರವನ್ನು ಕಲಿತು ಬಂದರೆ ಸಾಕು.