ಅಷ್ಟಾವಂಕನ ದನಿ

ಈ ವಾರ ಮುಖಾರಿ ರಾಗದ ಬಗ್ಗೆ ಬರೆಯುತ್ತೇನೆಂದಿದ್ದೆ. ಅಷ್ಟರಲ್ಲಿ, ಲೈಂಗಿಕ ಕಿರುಕುಳದ ಆರೋಪ ಹೊತ್ತ ಗಾಯಕರ ಪರವಾಗಿ ಸಿರುಗುಪ್ಪದ ಹಿರಿಯ ರಸಿಕರೊಬ್ಬರ ಫೋನು. ‘ಹಾಡು ಕೇಳ್ರಿ ಸಾಕು, ಹಾಡಿದವ್ನ ಮನಿ ವಿಚಾರ ಯಾಕ? ಇಪ್ಪತ್ ವರ್ಷ ಸುಮ್ನಿದ್ದಾಕಿ ಈಗ್ಯಾಕ ಬಾಯಿ ತಗೀತಾಳ?’ ಬಳ್ಳಾರಿಯ ಕಛೇರಿಗಳ ಬಿಡುವಿನಲ್ಲಿ ಚಹಾ ಹಿಡಿದು ನಿಲ್ಲುವ ನಮ್ಮವರಲ್ಲೂ ಈ ಪಂಥದವರೇ ಹೆಚ್ಚು. ಇವರೊಂದಿಗೆ ನನ್ನದು ಹಳೇ ಬಾಕಿ.

‘ಈಗ್ಯಾಕ’ ಅನ್ನುವುದಕ್ಕೆ ಅರ್ಧ ಉತ್ತರ ಕಾನೂನಿನಲ್ಲಿದೆ. 2013ರ ತಿದ್ದುಪಡಿಗೆ ಮುಂಚೆ ಹೆಣ್ಣಿನ ಮಾನಭಂಗದ ಐಪಿಸಿ 354ಕ್ಕೆ ಗರಿಷ್ಠ 2 ವರ್ಷ ಸಜೆ. ಅಷ್ಟು ಸಜೆಯ ಅಪರಾಧವನ್ನು 3 ವರ್ಷ ಕಳೆದ ಮೇಲೆ ಕೋರ್ಟು ಸಾಮಾನ್ಯವಾಗಿ ಎತ್ತಿಕೊಳ್ಳುವುದಿಲ್ಲ. ನ್ಯೂಯಾರ್ಕ್ ರಾಜ್ಯ 2022ರ ನವೆಂಬರಿನಿಂದ ಒಂದು ವರ್ಷದ ಮಟ್ಟಿಗೆ ಲೈಂಗಿಕ ದೌರ್ಜನ್ಯದ ಹಳೆಯ ದೂರುಗಳಿಗೆ ಅವಕಾಶ ಕೊಟ್ಟಿತು. ಗನ್ಸ್ ಎನ್ ರೋಸಸ್ ರಾಕ್ ತಂಡದ ಗಾಯಕ ಆಕ್ಸಲ್ ರೋಸ್ ಮೇಲೆ 1989ರ ಘಟನೆಯ ದಾವೆ ಬಿದ್ದದ್ದು ಆಗಲೇ. ಅವರು ಆರೋಪ ಅಲ್ಲಗಳೆದರು. ನಮ್ಮಲ್ಲಿ ಅಂಥ ಅವಕಾಶವಿಲ್ಲ. ಅದಕ್ಕೇ 2018ರ ಮೀಟೂ ಹೊತ್ತಿನಲ್ಲಿ ಎಲ್ಲ ಟ್ವಿಟರಿಗೆ ಬಂತು. ಗಾಯಕಿ ಚಿನ್ಮಯಿ ಹೆಸರಿಸಿದ ತಮಿಳು ಗೀತರಚನಕಾರ ವೈರಮುತ್ತು ನಿರಾಕರಿಸಿದರು. ನಮ್ಮ ಗಾಯಕ ರಘು ದೀಕ್ಷಿತ್, ಹೇಳಿದಂತೆಯೇ ನಡೆದಿಲ್ಲ ಎನ್ನುತ್ತಲೇ ಕ್ಷಮೆ ಕೇಳಿದರು. ಮದರಾಸಿನ ಮ್ಯೂಸಿಕ್ ಅಕಾಡೆಮಿ ಆ ಡಿಸೆಂಬರಿನ ಕಛೇರಿಗಳ ಪಟ್ಟಿಯಿಂದ ಆರೋಪ ಹೊತ್ತ ಏಳು ಮಂದಿ ಕಲಾವಿದರನ್ನು ಕೈಬಿಟ್ಟಿತು. ಹೇಳಿಕೊಳ್ಳುವ ಹಕ್ಕು ದಶಕಗಳಾದರೂ ಇರುತ್ತದೆಂದು ಪತ್ರಕರ್ತೆ ಪ್ರಿಯಾ ರಮಣಿ ಮೇಲಿನ ಮಾನನಷ್ಟ ಪ್ರಕರಣದಲ್ಲಿ ದೆಹಲಿ ಕೋರ್ಟು 2021ರಲ್ಲಿ ಹೇಳಿಯೂ ಆಯಿತು.

ಇನ್ನರ್ಧ ಉತ್ತರ ಕವಿ ಜನ್ನನಲ್ಲಿದೆ. 1209ರ ‘ಯಶೋಧರ ಚರಿತೆ’. ರಾಣಿ ಅಮೃತಮತಿ ಅರಮನೆಯಲ್ಲಿದ್ದಾಗ ಗಜಶಾಲೆಯ ಕಡೆಯಿಂದ ಹಾಡು ಕೇಳಿಬರುತ್ತದೆ. ಯಾರದೆಂದು ನೋಡಿ ಬರಲು ದೂತಿಯನ್ನು ಕಳಿಸುತ್ತಾಳೆ. ದೂತಿ ಹೇಸಿಕೊಂಡು ವಾಪಸು ಬಂದು ಆ ಮಾವುತ ಅಷ್ಟಾವಂಕನ ರೂಪವನ್ನು ಬಿಡಿಸಿ ಹೇಳುತ್ತಾಳೆ. ರಾಣಿ ಕೇಳುವುದಿಲ್ಲ, ದನಿಗೆ ಸೋತಾಗಿದೆ. ಒಂದು ರಾತ್ರಿ ತಡವಾಗಿ ಹೋದದ್ದಕ್ಕೆ ಅವನು ಕೂದಲು ಹಿಡಿದೆಳೆದು ಹೊಡೆಯುತ್ತಾನೆ. ಅವಳು ಅವನ ಕಾಲಿಗೇ ಬೀಳುತ್ತಾಳೆ. ಹಿಂಬಾಲಿಸಿ ಬಂದ ರಾಜ ಇದನ್ನು ಕಂಡು ಕತ್ತಿಗೆ ಕೈಹಾಕಿ, ತಡೆದುಕೊಂಡು ಹಿಂತಿರುಗುತ್ತಾನೆ. ನಮ್ಮ ಮೇಷ್ಟ್ರುಗಳು ವರ್ಷಗಟ್ಟಲೆ ಪಾಠ ಮಾಡಿದ್ದು ಹಾದರದ್ದು, ಹಿಟ್ಟಿನ ಹುಂಜದ ಬಲಿಯದ್ದು. ಆ ಹೊಡೆತದ ಪ್ರಸಂಗದಲ್ಲಿ ಒಬ್ಬರೂ ನಿಂತದ್ದು ನನಗೆ ನೆನಪಿಲ್ಲ.

ಅಮೃತಮತಿ ಒಲಿದು ಹೋದವಳು, ಗುರುಗಳ ಮೇಲೆ ದೂರುವ ಶಿಷ್ಯೆಯರು ಕಲಿಯಲು ಹೋದವರು. ಅವಳಿಗೂ ಅವರಿಗೂ ಹೋಲಿಕೆಯಿಲ್ಲ. ಅವಳನ್ನು ಹೋಲುವವರು ಸಭಾಂಗಣದಲ್ಲಿ ತಲೆದೂಗುವ ನಾವು. ಕಣ್ಣಾರೆ ಕಂಡು ಬಂದು ಹೇಳುವ ದೂತಿ ಪ್ರತಿ ಕಾಲಕ್ಕೂ ಇದ್ದಾಳೆ. ನಾವು ಅವಳ ಮೇಲೇ ಹರಿಹಾಯುತ್ತೇವೆ, ಆಮೇಲೆ ಯಾಕೆ ಸುಮ್ಮನಿದ್ದೆ ಅನ್ನುತ್ತೇವೆ. (ಸುಳ್ಳು ಆರೋಪ ಬರುವುದಿಲ್ಲವೇ? ಬರಬಹುದು. ವಿಚಾರಣೆ ಇರುವುದೇ ಅದಕ್ಕೆ.)

ಕಲೆ ಬೇರೆ, ಕಲಾವಿದ ಬೇರೆ ಅನ್ನುವವರು ಧ್ವನಿಮುದ್ರಿಕೆ ಕೇಳಲಿ, ನನ್ನ ತಕರಾರಿಲ್ಲ, ನಾನೂ ಕೇಳುತ್ತೇನೆ. ಶಾಲು, ವೇದಿಕೆ, ಮಕ್ಕಳನ್ನು ಪಾಠಕ್ಕೆ ಒಪ್ಪಿಸುವುದು ಮಾತ್ರ ಕಲೆಯ ಲೆಕ್ಕಕ್ಕೆ ಸೇರುವುದಿಲ್ಲ. ಗುರುವಿನ ಮನೆ, ಒಂಟಿ ಪಾಠ, ಕಛೇರಿಗೆ ಶಿಫಾರಸು ಎಲ್ಲವೂ ಒಬ್ಬನ ಕೈಯಲ್ಲಿರುವಾಗ ಹುಡುಗಿ ಯಾರಿಗೆ ಹೇಳಬೇಕು? ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತಕ್ಕಿಂತ ಕಡಿಮೆ ನೌಕರರಿರುವ ಕಡೆಯ ದೂರಿಗೆ ಜಿಲ್ಲೆಯಲ್ಲಿ ಸ್ಥಳೀಯ ಸಮಿತಿ ಇರಬೇಕು. ದೂರಿಗೆ ಗಡುವು 3 ತಿಂಗಳು, ತಕ್ಕ ಕಾರಣವಿದ್ದರೆ ಮತ್ತೆ 3. ಹದಿನೆಂಟರೊಳಗಿನವರಿಗೆ ಪೋಕ್ಸೊ ಕಾಯ್ದೆ ಇದೆ. ಬಳ್ಳಾರಿ, ಕುರುಗೋಡಿನ ಸಂಗೀತ ಶಾಲೆಗಳವರು ತ್ಯಾಗರಾಜರ, ಪುರಂದರರ ಪಟದ ಪಕ್ಕದಲ್ಲೇ ಆ ಸಮಿತಿಯ ಫೋನ್ ನಂಬರು ಬರೆಸಲಿ, ದಪ್ಪಕ್ಷರದಲ್ಲಿ.